ಗೋಡೆಯ ಮೇಲೆ ಕೋವಿ ಇರಲಿಲ್ಲ: ಮಂಡ್ಯ ಸೀಮೆಯ ಒಂದು ಹಬ್ಬ, ಒಂದು ನಿಷೇಧಾಜ್ಞೆ

ಊರಹಬ್ಬಕ್ಕೆ ಮುಂಚೆ ಮಚ್ಚು, ಕೊಡಲಿ ಜಮಾ ಮಾಡಿಸಿದರೆ ಹೊಡೆದಾಟ ನಿಲ್ಲುತ್ತದಾ? ತಾಲ್ಲೂಕಿನ ಶಾಂತಿ ಸಭೆಗಳಲ್ಲಿ ಕೂರುವ ವಕೀಲನಾದ್ದರಿಂದ ಈ ಪ್ರಶ್ನೆ ನನ್ನ ಕಿವಿಗೆ ಬಹಳ ಸಲ ಬಿದ್ದಿದೆ. ‘ನಿಲ್ಲುತ್ತೆ’ ಎನ್ನುವವರು ಸಾಮಾನ್ಯವಾಗಿ ಪೊಲೀಸರು, ‘ಎಲ್ ನಿಂತದು ಬುಡಿ’ ಎನ್ನುವವರು ಊರಿನವರು. ಮಂಡ್ಯ ಜಿಲ್ಲೆಯ ಒಂದು ಊರಿನಲ್ಲಿ 2023ರಿಂದ 2025ರವರೆಗೆ ನಡೆದದ್ದನ್ನು ಹತ್ತಿರದಿಂದ ಕಂಡ ಮೇಲೆ ನನಗೆ ಇಬ್ಬರ ಮಾತೂ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ. ಊರು, ಮನೆತನ, ದೇವರ ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ಎರಡೂ ಮನೆಯವರಿಗೆ ಓದಿ ಹೇಳಿ, ಒಪ್ಪಿಗೆ ಪಡೆದೇ ಬರೆಯುತ್ತಿರುವುದು. ನಾನು ಅವರಲ್ಲಿ ಯಾರ ಪರವಾಗಿಯೂ ವಕಾಲತ್ತು ಹಾಕಿದವನಲ್ಲ.

ಎರಡು ಮನೆ, ಒಂದು ಮೋಟರು

ವಿಶ್ವೇಶ್ವರಯ್ಯ ನಾಲೆಯ ಒಂದು ಕವಲಿನ ಕೊನೇ ಭಾಗದ ಊರು. ಮೇಲೆ ನಾಲೆ ತುಂಬಿ ಹರಿಯುತ್ತಿದ್ದರೂ ಇಲ್ಲಿಗೆ ಬರುವ ಹೊತ್ತಿಗೆ ಮೊಣಕಾಲುದ್ದ ನೀರು. ಕಬ್ಬು, ಭತ್ತ, ಒಂದಿಷ್ಟು ತೆಂಗು. ಅಣ್ಣತಮ್ಮಂದಿರ ಎರಡು ಮನೆಗಳನ್ನು ಇಲ್ಲಿ ‘ದೊಡ್ಡಮನೆ’, ‘ತೋಟದಮನೆ’ ಎಂದು ಕರೆಯುತ್ತೇನೆ. ಭಾಗವಾಗಿ ಎಷ್ಟೋ ವರ್ಷ ಆಗಿದೆ. ಜಮೀನು ಹಂಚಿಕೊಂಡರು, ದನ ಹಂಚಿಕೊಂಡರು, ತಾಮ್ರದ ಹಂಡೆಯನ್ನೂ ಚೀಟಿ ಎತ್ತಿ ಹಂಚಿಕೊಂಡರು. ಕೊಳವೆಬಾವಿ ಮಾತ್ರ ಜಂಟಿಯಾಗಿ ಉಳಿಯಿತು. ಅದರ ಬಗ್ಗೆ ಪಾರೀಕತ್ತಿನಲ್ಲಿ, ಅಂದರೆ ಭಾಗಪತ್ರದಲ್ಲಿ, ಇರುವುದು ಒಂದೇ ಸಾಲು: ‘ಸರದಿಯಂತೆ ನೀರು ಹಾಯಿಸಿಕೊಳ್ಳತಕ್ಕದ್ದು.’

ಸರದಿ ಎಂದರೆ ಏನು ಎಂದು ಅಲ್ಲಿ ಬರೆದಿರಲಿಲ್ಲ. ರೂಢಿಯಲ್ಲಿ ಒಂದು ಮನೆಗೆ ಮೂರು ಗಂಟೆ, ಇನ್ನೊಂದಕ್ಕೆ ಮೂರು ಗಂಟೆ. ಗಡಿಯಾರ ನೋಡಿ ಹಂಚಿಕೊಂಡದ್ದು ಗಡಿಯಾರದಂತೆ ಬರುವುದಕ್ಕೆ ತ್ರೀ ಫೇಸ್ ಕರೆಂಟು ಯಾರ ಮಾತು ಕೇಳುತ್ತದೆ? ಹನ್ನೆರಡಕ್ಕೆ ಬರಬೇಕಾದದ್ದು ಎರಡಕ್ಕೆ ಬರುತ್ತದೆ, ನಡುವೆ ನಲವತ್ತು ನಿಮಿಷ ಹೋಗುತ್ತದೆ. ಆ ನಲವತ್ತು ನಿಮಿಷ ಯಾರ ಲೆಕ್ಕಕ್ಕೆ? ಮಳೆ ಚೆನ್ನಾಗಿದ್ದ ವರ್ಷ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ.

ಆಯುಧದ ವಿಷಯಕ್ಕೆ ಬಂದರೆ, ಊರಿನಲ್ಲಿ ಮಚ್ಚಿಲ್ಲದ ಮನೆಯೇ ಇಲ್ಲ. ಕಬ್ಬು ಕಡಿಯಲು ಒಂದು, ತೆಂಗಿನಕಾಯಿಗೆ ಒಂದು, ಸೌದೆಗೆ ಕೊಡಲಿ, ಹುಲ್ಲಿಗೆ ಕುಡ್ಲು. ತೋಟದಮನೆಯಲ್ಲಿ ಹಂದಿ ಕಾಟಕ್ಕೆಂದು ಯಜಮಾನರ ಹೆಸರಿನಲ್ಲಿ ಲೈಸೆನ್ಸ್ ಇದ್ದ ಒಂಟಿ ನಳಿಗೆಯ ಕೋವಿಯೂ ಒಂದಿತ್ತು. ನಡುಮನೆಯ ಗೋಡೆಗೆ ಎರಡು ಗೂಟ ಹೊಡೆದು ತೂಗುಹಾಕಿದ್ದರು.

2023ರ ಹಬ್ಬ

ಮೊದಲ ಘಟನೆಯನ್ನು ಚುಟುಕಾಗಿ ಹೇಳುತ್ತೇನೆ. ಯುಗಾದಿ ಆದ ಮೇಲಿನ ಊರಹಬ್ಬದಲ್ಲಿ ಕೊಂಡಕ್ಕೆ ಸೌದೆ ತರುವ ಗಾಡಿಗಳ ಸಾಲಿನಲ್ಲಿ ಯಾರದು ಮುಂದೆ ಎಂದು ಮಾತು ಬೆಳೆಯಿತು. ಸೌದೆ ಕಡಿದು ಬಂದವರ ಕೈಯಲ್ಲಿ ಮಚ್ಚು ಇದ್ದೇ ಇತ್ತು, ಹೊಟ್ಟೆಯಲ್ಲಿ ಎಣ್ಣೆಯೂ ಇತ್ತು. ದೊಡ್ಡಮನೆ ಕಡೆಯ ಒಬ್ಬ ಹುಡುಗ ಏಟಿಗೆ ಕೈ ಅಡ್ಡ ಕೊಟ್ಟ. ಬಲಗೈಯ ಎರಡು ಬೆರಳಿನ ನರ ಕತ್ತರಿಸಿತು. ಇವತ್ತಿಗೂ ಅವನು ಆ ಕೈಯಲ್ಲಿ ಕುಡ್ಲು ಹಿಡಿಯಲಾರ. ಏಟು ಹಾಕಿದವನು ತೋಟದಮನೆ ಕಡೆಯವನು. ಕೇಸು ಆಯಿತು.

ಆ ವರ್ಷ ಮುಂಗಾರು ಕೈಕೊಟ್ಟಿತು. ಕಾವೇರಿ ನೀರಿನ ಗಲಾಟೆ, ಬರ ಘೋಷಣೆ, ಎಲ್ಲ ಒಟ್ಟಿಗೆ ಬಂತು. 2024ರ ಬೇಸಿಗೆಗೆ ಕೂಳೆ ಕಬ್ಬನ್ನು ಉಳಿಸಿಕೊಳ್ಳಲು ನಾಲೆಯನ್ನು ನಂಬುವಂತಿರಲಿಲ್ಲ. ಎರಡೂ ಮನೆಯ ಕಣ್ಣು ಆ ಒಂದು ಮೋಟರಿನ ಮೇಲೆ.

ಮಚ್ಚು ಜಮಾ

2024ರ ಹಬ್ಬ ಲೋಕಸಭಾ ಚುನಾವಣೆಯ ನಡುವೆ ಬಿತ್ತು. ಮಾರ್ಚ್ 16ಕ್ಕೆ ನೀತಿಸಂಹಿತೆ, ಏಪ್ರಿಲ್ 26ಕ್ಕೆ ನಮ್ಮಲ್ಲಿ ಮತದಾನ. ಚುನಾವಣೆಗೆ ಲೈಸೆನ್ಸ್ ಕೋವಿಗಳನ್ನು ಠಾಣೆಯಲ್ಲಿ ಒಪ್ಪಿಸುವುದು ವಾಡಿಕೆ, ಹಾಗಾಗಿ ತೋಟದಮನೆಯ ಕೋವಿ ಹಬ್ಬಕ್ಕೆ ಮುಂಚೆಯೇ ಠಾಣೆ ಸೇರಿತ್ತು. ಉಳಿದದ್ದು ಮಚ್ಚು. ಶಾಂತಿ ಸಭೆಯಲ್ಲಿ, ಹಿಂದಿನ ವರ್ಷದ ಬೆರಳುಗಳನ್ನು ನೆನೆದು, ಹಬ್ಬದ ಐದು ದಿನ ಊರೊಳಗೆ ಮಚ್ಚು, ಕೊಡಲಿ, ದೊಣ್ಣೆ ಹಿಡಿದು ತಿರುಗುವಂತಿಲ್ಲ ಎಂಬ ತೀರ್ಮಾನವಾಯಿತು. ತಹಶೀಲ್ದಾರರು ಆಗಿನ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆಯ) 144ನೇ ಕಲಮಿನಡಿ ನಿಷೇಧಾಜ್ಞೆ ಹೊರಡಿಸಿದರು. ಆಟೋಗೆ ಮೈಕು ಕಟ್ಟಿ ಸಾರಿದರು. ಸ್ವಇಚ್ಛೆಯಿಂದ ತಂದುಕೊಟ್ಟ ಮಚ್ಚುಗಳನ್ನು ಶಾಲೆಯ ಒಂದು ಕೊಠಡಿಯಲ್ಲಿ ಇಡುವುದು ಎಂದಾಯಿತು. ಈ ಸಲಹೆ ನನ್ನದೇ.

ಸಭೆಯಲ್ಲಿ ವಿರೋಧವೂ ಬಂತು. ಒಬ್ಬ ಹಿರಿಯರು ಎದ್ದು, “ಆಯುಧಪೂಜೆ ದಿನ ಅರಿಶಿನ ಕುಂಕುಮ ಇಟ್ಟು ಕೈ ಮುಗಿಯೋ ಮಚ್ಚನ್ನ ಕಳ್ಳಮಾಲು ಒಪ್ಪಿಸ್ದಂಗೆ ಒಪ್ಪಿಸ್ಬೇಕಾ ಸಾ?” ಎಂದರು. ಇನ್ನೊಬ್ಬರು ಕೊಡಗಿನ ಮಾತು ತೆಗೆದರು: ಅಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸೇ ಬೇಡ, ಅಲ್ಲೇನು ದಿನಾ ಗುಂಡು ಹಾರುತ್ತಾ? ಮಾತು ಸುಳ್ಳಲ್ಲ. ಶಸ್ತ್ರಾಸ್ತ್ರ ಕಾಯ್ದೆಯಿಂದ ಅವರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ, ಮುಂದುವರಿಸಿದೆ. ನಮ್ಮೂರ ಹಬ್ಬದ ರಾತ್ರಿಗೆ ಆ ಹೋಲಿಕೆ ಹೊಂದುತ್ತದೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮಚ್ಚು ಆಯುಧವೋ ಉಪಕರಣವೋ ಎಂಬ ಗೊಂದಲ ಜಮಾ ಮಾಡುವ ದಿನ ಎದ್ದು ಕಂಡಿತು. ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು ಬರುತ್ತದೆ, ಆದರೆ ಮನೆಬಳಕೆಗೆ, ಬೇಸಾಯಕ್ಕೆ ಎಂದು ಮಾಡಿದ್ದಕ್ಕೆ ವಿನಾಯಿತಿ ಇದೆ. ಯಾರೋ ಪಕ್ಕದ ಟೈಲರ್ ಅಂಗಡಿಯಿಂದ ಟೇಪು ತಂದರು. ಕಬ್ಬಿನ ಮಚ್ಚಿನ ಅಲಗು ಹನ್ನೊಂದು ಇಂಚು ಉದ್ದ, ಮೂರು ಇಂಚು ಅಗಲ. ಅಳತೆಯಲ್ಲಿ ಅಪರಾಧಿ, ಬಳಕೆಯಲ್ಲಿ ನಿರ್ದೋಷಿ. ಕುಲುಮೆಯವರು ಅಲ್ಲೇ ನಿಂತಿದ್ದರು. ಲಾರಿಯ ಹಳೇ ಕಮಾನು ಪ್ಲೇಟಿನಿಂದಲೇ ಎಲ್ಲ ಮಚ್ಚು ಬಡಿಯುವವರು. ನಗುತ್ತಾ, “ಪ್ಲೇಟು ಒಂದೇ ಸೋಮಿ. ಕಬ್ಗೆ ಅಂದ್ರೆ ಮೂತಿ ಒಸಿ ಬಗ್ಗುಸ್ತೀನಿ, ಎಳ್ನೀರ್ಗೆ ಅಂದ್ರೆ ತೂಕ ಬುಡ್ತೀನಿ. ಜಗ್ಳಕ್ಕೆ ಅಂತ ಯಾರೂ ಕೇಳ್ಕಬರಕ್ಕಿಲ್ಲ” ಎಂದರು.

ಮಾರನೇ ಬೆಳಿಗ್ಗೆಯೇ ಯೋಜನೆ ಮುಗ್ಗರಿಸಿತು. ಇಬ್ಬರಿಗೆ ಕಾರ್ಖಾನೆಯಿಂದ ಕಟಾವಿನ ಪರ್ಮಿಟ್ ಬಂದಿತ್ತು, ಕಬ್ಬು ಕಡಿಯಲು ಮಚ್ಚು ಶಾಲೆಯಲ್ಲಿದೆ, ಬೀಗದ ಕೈ ಮೇಷ್ಟ್ರ ಹತ್ತಿರ, ಮೇಷ್ಟ್ರು ಚುನಾವಣೆ ತರಬೇತಿಗೆ ಹೋಗಿದ್ದಾರೆ. ಹನ್ನೊಂದು ಗಂಟೆಗೆ ಬೀಗ ತೆಗೆದಾಗ ಯಾರ ಮಚ್ಚು ಯಾವುದು ಎಂದು ಇನ್ನೊಂದು ಜಗಳ. ಅಂದಿನಿಂದ ಬೆಳಿಗ್ಗೆ ಕೊಟ್ಟು, ಸಂಜೆ ಆರಕ್ಕೆ ವಾಪಸ್ ಪಡೆದು, ನೋಟ್‌ಬುಕ್ಕಿನಲ್ಲಿ ಸಹಿ ಹಾಕಿಸುವುದು ಎಂದು ಬದಲಾಯಿಸಿದೆವು. ಆಗ ಇದನ್ನು ಸೋಲು ಎಂದುಕೊಂಡಿದ್ದೆ.

ಒಂದು ವಿಷಯಕ್ಕೆ ಈಗಲೂ ನಾಚಿಕೆಯಾಗುತ್ತದೆ. ಮೊದಲು ತಪಾಸಣೆ ಆದದ್ದು ಊರಾಚೆ ಗುಡಿಸಲು ಹಾಕಿಕೊಂಡಿದ್ದ ಬಳ್ಳಾರಿ ಕಡೆಯ ಕಟಾವು ಗ್ಯಾಂಗಿನದು. ಹಿಂದಿನ ವರ್ಷದ ಜಗಳದಲ್ಲಿ ಅವರ ಸುಳಿವೇ ಇರಲಿಲ್ಲ. ಹೊರಗಿನವರು, ಕೈಯಲ್ಲಿ ಮಚ್ಚು, ಅಷ್ಟು ಸಾಕಾಯಿತು. ಅವರ ಮೇಸ್ತ್ರಿ ಸಿಟ್ಟಾಗಲಿಲ್ಲ. ತಲೆದೆಸೆಯಿಂದ ಒಂದು ಗೋಣಿಚೀಲ ಎಳೆದು ಬಾಯಿ ಬಿಚ್ಚಿ ತೋರಿಸಿದ. ಒಳಗೆ ಗ್ಯಾಂಗಿನ ಅಷ್ಟೂ ಮಚ್ಚು. ಪ್ರತಿಯೊಂದರ ಹಿಡಿಗೆ ಬಟ್ಟೆ ಸುತ್ತಿ ಒಂದೊಂದು ಬಣ್ಣದ ದಾರ ಕಟ್ಟಿದ್ದಾನೆ. ಕೆಂಪು ದಾರ ಯಾರದು, ಹಸಿರು ಯಾರದು ಅವನಿಗೆ ಬಾಯಿಪಾಠ. “ಸಂಜಿಗೆ ಎಲ್ಲಾರೂ ಒಂದೀಟು ಕುಡೀತಾರ್ರೀ. ಕುಡಿಯೂಕಿಂತ ಮೊದ್ಲ ನಾ ಇಸ್ಕೊಂಡು ತಲಿಗೆ ಇಟ್ಕೊಂತೀನಿ. ಮುಂಜಾನೆ ಅವ್ನದು ಅವ್ನಿಗೆ” ಎಂದ. ಯಾವ ಕಲಮಿನ ಆಧಾರವೂ ಇಲ್ಲದೆ ಅವನು ದಿನಾ ಜಾರಿ ಮಾಡುತ್ತಿದ್ದ ನಿಷೇಧ ಅದು. ಅದರ ಬೆಲೆ ನನಗೆ ತಿಳಿದದ್ದು ಎರಡು ದಿನ ಕಳೆದ ಮೇಲೆ.

ಆ ರಾತ್ರಿ

ಕೊಂಡ ಹಾಯುವ ರಾತ್ರಿ ಪೊಲೀಸರು, ನಾವು, ಮುಖಂಡರು ಎಲ್ಲರೂ ಗುಡಿಯ ಮುಂದೆ. ಗಾಡಿ ಸಾಲು ಸರಾಗವಾಗಿ ಸಾಗಿತು. ಒಂದು ಬೈಗುಳವೂ ಕೇಳಲಿಲ್ಲ. ಎರಡು ಗಂಟೆಯ ಸುಮಾರಿಗೆ ಅತ್ತ ಗದ್ದೆಬಯಲಿನಲ್ಲಿ ತ್ರೀ ಫೇಸ್ ಕರೆಂಟು ಬಂತು.

ಮೋಟರ್ ಮನೆಯಲ್ಲಿದ್ದದ್ದು ತೋಟದಮನೆಯ ಎರಡನೇ ಮಗ ಮತ್ತು ಅವನ ದೊಡ್ಡಪ್ಪನ ಮಗ, ಅಂದರೆ ದೊಡ್ಡಮನೆಯವನು. ಹಿಂದಿನ ರಾತ್ರಿ ದೊಡ್ಡಮನೆಯ ಸರದಿಯಲ್ಲಿ ಕರೆಂಟು ಹೋಗಿತ್ತು, ಆ ಬಾಕಿಯನ್ನು ಇವತ್ತು ತೆಗೆದುಕೊಳ್ಳುತ್ತೇನೆ ಎಂದು ಅಣ್ಣ. ಹೋದದ್ದು ಹೋಯಿತು, ಇವತ್ತು ನನ್ನ ಸರದಿ ಎಂದು ತಮ್ಮ. ಅಣ್ಣ ಸ್ಟಾರ್ಟರ್ ಒತ್ತಿ ನೀರನ್ನು ತನ್ನ ಕಡೆಗೆ ತಿರುಗಿಸಿಕೊಂಡ. ತಮ್ಮ ತಳ್ಳಿದ, ಅಣ್ಣ ಕಪಾಳಕ್ಕೆ ಬಾರಿಸಿದ.

ಮುಂದಿನದನ್ನು ತಮ್ಮನೇ ತಿಂಗಳುಗಳಾದ ಮೇಲೆ, ಎರಡೂ ಮನೆಯವರು ಕೂತ ಮಾತುಕತೆಯಲ್ಲಿ, ತಲೆ ಎತ್ತದೆ ಹೇಳಿದ: “ಮನೆಗೆ ಓಡ್ದೆ ಸಾ. ಗೋಡೆ ಮೇಲೆ ಕೋವಿ ಇರ್ನಿಲ್ಲ. ಗೂಟ ಮುಟ್ ನೋಡ್ದೆ. ಆಮೇಕೆ ಸೂರಿಗೆ ಕೈ ಹಾಕ್ದೆ, ಮಚ್ಚೂ ಇರ್ನಿಲ್ಲ. ಇಸ್ಕೂಲ್ಗೆ ಕೊಟ್ಟಿದ್ದು ಆಗ ಗ್ಯಾನಕ್ ಬಂತು. ವಾಪಸ್ ಬಂದೆ. ಬದದ ಮೇಲೆ ಸನಿಕೆ ಬಿದ್ದಿತ್ತು.”

ಸನಿಕೆಯ ಬೆನ್ನಿನಿಂದ ಹೊಡೆದ ಎರಡು ಏಟಿಗೆ ಅಣ್ಣನ ಭುಜದ ಮೂಳೆ, ಎರಡು ಪಕ್ಕೆಲುಬು ಮುರಿದವು. ಮೂರನೇ ಏಟಿಗೆ ಮುಂಚೆ ತೋಟದಮನೆಯ ಅಜ್ಜಿ ಟಾರ್ಚ್ ಹಿಡಿದು ಬಂದಿದ್ದರು. ಗೂಟ ಮುಟ್ಟಿ, ಸೂರು ತಡಕಾಡುವ ಮೊಮ್ಮಗನನ್ನು ಕಂಡು ಅನುಮಾನ ಬಂದು ಹಿಂದೆಯೇ ನಡೆದು ಬಂದವರು. ಅವರು ನಡೆದು ಬರಲು ಬೇಕಾದಷ್ಟು ಹೊತ್ತು ಇವನು ಹುಡುಕುವುದರಲ್ಲಿ ಕಳೆದಿದ್ದ.

ಘಟನೆ 2024ರ ಜುಲೈ 1ಕ್ಕೆ ಮುಂಚಿನದಾದ್ದರಿಂದ ಹಳೇ ಐಪಿಸಿಯೇ ಅನ್ವಯವಾಯಿತು, ಅಪಾಯಕಾರಿ ಸಾಧನದಿಂದ ತೀವ್ರ ಗಾಯ ಮಾಡಿದ್ದಕ್ಕೆ ಹಾಕುವ 326ನೇ ಕಲಮು. ಸನಿಕೆ ಆಯುಧವೇ ಎಂದು ಊರಿನಲ್ಲಿ ಕೆಲವರು ನಕ್ಕರು. ಸಾವು ತರಬಲ್ಲಂತೆ ಬಳಸಿದ ಯಾವ ಸಾಧನವಾದರೂ ಆ ಕಲಮಿಗೆ ಸಾಕು, ಅದರ ಹೆಸರು ಮುಖ್ಯವಲ್ಲ. ಆದರೆ ನಮ್ಮ ಪಟ್ಟಿಯಲ್ಲಿ ಸನಿಕೆ ಇರಲಿಲ್ಲ. ಇರುವುದಕ್ಕೂ ಸಾಧ್ಯವಿರಲಿಲ್ಲ. ಬರಗಾಲದಲ್ಲಿ ಸನಿಕೆ ಕಸಿದುಕೊಂಡರೆ ನೀರು ಹಾಯಿಸುವುದು ಕೈಯಲ್ಲೇ?

ನಿಷೇಧ ಸೋತಿತೆ?

ಮರುದಿನ ಟೀ ಅಂಗಡಿಯಲ್ಲಿ ಎರಡು ಪಕ್ಷ. ‘ಮಚ್ಚು ಕಿತ್ಕಂಡ್ರೆ ಸನಿಕೆ, ಸನಿಕೆ ಕಿತ್ಕಂಡ್ರೆ ಕಲ್ಲು, ಹೊಡೆಯೋನ್ ಹೊಡೀತಾನೆ’ ಎಂಬುದು ಒಂದು. ‘ಮಚ್ಚೋ ಕೋವಿಯೋ ಸಿಕ್ಕಿದ್ರೆ ಇವತ್ತು ತಿಥಿ ದಿನ ಎಣಿಸ್ಬೇಕಿತ್ತು’ ಎಂಬುದು ಇನ್ನೊಂದು. ಎರಡೂ ನಿಜ. ಅವು ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ. ಹಲ್ಲೆ ನಡೆಯದಂತೆ ತಡೆಯಿತೇ ಎಂದರೆ ಇಲ್ಲ. ಹಲ್ಲೆಯು ಕೊಲೆಯಾಗದಂತೆ ತಡೆಯಿತೇ ಎಂದರೆ, ಈ ಒಂದು ಪ್ರಕರಣದಲ್ಲಿ ಹೌದೆಂದೇ ನನ್ನ ನಂಬಿಕೆ.

ಲೋಕದ ಅನುಭವವೂ ಇದೇ ದಿಕ್ಕಿಗೆ ಬೆರಳು ತೋರಿಸುತ್ತದೆ. ಷಿಕಾಗೋ ನಗರದ ಪೊಲೀಸ್ ದಾಖಲೆಗಳನ್ನು ಇಟ್ಟುಕೊಂಡು ಅಮೆರಿಕದ ಕಾನೂನು ವಿದ್ವಾಂಸ ಫ್ರಾಂಕ್ಲಿನ್ ಝಿಮ್ರಿಂಗ್ 1968ರಲ್ಲಿ ತೋರಿಸಿದ್ದು ಏನೆಂದರೆ, ಬಂದೂಕಿನ ಹಲ್ಲೆಯಲ್ಲಿ ಸಾಯುವ ಪ್ರಮಾಣ ಚಾಕುವಿನ ಹಲ್ಲೆಯದಕ್ಕಿಂತ ಸುಮಾರು ಐದು ಪಟ್ಟು. ಹೊಡೆಯುವವರಲ್ಲಿ ಬಹಳ ಮಂದಿ ಕೊಲ್ಲಲೇಬೇಕೆಂದು ಹೊರಟವರಲ್ಲ, ಸಿಟ್ಟಿನ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡವರು. ಕೈಗೆ ಏನು ಸಿಕ್ಕಿತು ಎಂಬುದೇ ಎಷ್ಟೋ ಸಲ ಗಾಯವೋ ಸಾವೋ ಎಂದು ತೀರ್ಮಾನಿಸುತ್ತದೆ. 2012ರ ಡಿಸೆಂಬರ್ 14ರಂದು ಚೀನಾದ ಹೆನಾನ್ ಪ್ರಾಂತ್ಯದ ಹಳ್ಳಿ ಶಾಲೆಯೊಂದರಲ್ಲಿ ಒಬ್ಬ ಚಾಕು ಹಿಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿಗೆ ಇರಿದ. ಒಂದು ಮಗುವೂ ಸಾಯಲಿಲ್ಲ. ಅದೇ ದಿನ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ಇನ್ನೊಬ್ಬ ಬಂದೂಕು ಹಿಡಿದು 20 ಮಕ್ಕಳು, 6 ದೊಡ್ಡವರನ್ನು ಕೊಂದ.

ಆದರೆ ಹಟ ಹಿಡಿದು, ಯೋಜನೆ ಮಾಡಿ ಹೊರಟವನ ಮುಂದೆ ನಿಷೇಧದ ಕೈ ಸಣ್ಣದು. ಜಪಾನಿನಷ್ಟು ಬಿಗಿಯಾದ ಬಂದೂಕು ಕಾನೂನು ಇರುವ ದೇಶಗಳು ಕಡಿಮೆ. ಅಲ್ಲೂ 2022ರ ಜುಲೈ 8ರಂದು ಮಾಜಿ ಪ್ರಧಾನಿ ಶಿಂಜೊ ಅಬೆ ಅವರನ್ನು ಒಬ್ಬ ಮನೆಯಲ್ಲೇ ತಯಾರಿಸಿದ ಬಂದೂಕಿನಿಂದ ಕೊಂದ. ನಮ್ಮ ಹುಡುಗ ಅಂಥವನಲ್ಲ. ತಾಲ್ಲೂಕು ಕೋರ್ಟಿನಲ್ಲಿ ನಾನು ಕಂಡ ಹೊಡೆದಾಟದ ಕೇಸುಗಳ ಆರೋಪಿಗಳಲ್ಲಿ ಹೆಚ್ಚಿನವರೂ ಅಂಥವರಲ್ಲ.

ನಮ್ಮ ತಪ್ಪು ಬೇರೆ ಕಡೆ ಇತ್ತು. ನಾವು ಕಾವಲು ಹಾಕಿದ್ದು ಹಿಂದಿನ ವರ್ಷದ ಜಗಳಕ್ಕೆ. ಮಚ್ಚು ಕೊಠಡಿ ಸೇರಿತು, ಇನ್ನೇನು ಎಂದು ನಿರಾಳವಾದೆವು. ಅಷ್ಟೊತ್ತಿಗೆ ಜಗಳ ಗುಡಿಯ ಮುಂದಿನಿಂದ ಮೋಟರ್ ಮನೆಗೆ ನಡೆದು ಹೋಗಿತ್ತು. ಶಾಂತಿ ಸಭೆಯ ನಡಾವಳಿಯನ್ನು ಆಮೇಲೆ ತಿರುವಿ ನೋಡಿದೆ. ಮಚ್ಚು ಎಂಬ ಮಾತು ಹದಿನಾಲ್ಕು ಸಲ, ನೀರು ಎಂಬ ಮಾತು ಕುಡಿಯುವ ನೀರಿನ ವ್ಯವಸ್ಥೆ ಎಂದು ಒಂದೇ ಸಲ.

ಆಮೇಲೆ

ತಹಶೀಲ್ದಾರರ ಮುಂದೆ ಸಿಆರ್‌ಪಿಸಿಯ 107ನೇ ಕಲಮಿನಡಿ ಎರಡೂ ಮನೆಯವರಿಂದ ಮುಚ್ಚಳಿಕೆ ಬರೆಸಿಕೊಂಡರು. ಅದು ಬಾಯಿಗೆ ಬೀಗ ಹಾಕಿತು, ಹೊಟ್ಟೆಯೊಳಗಿನದಕ್ಕಲ್ಲ. ಕೆಲಸ ಮಾಡಿದ್ದು ಒಬ್ಬ ಎಲೆಕ್ಟ್ರಿಷಿಯನ್ ಹುಡುಗನ ಮಾತು. “ಗಂಟೆ ಲೆಕ್ಕ ಯಾಕೆ ಸಾ, ಮೋಟರ್ ಓಡಿದ ಲೆಕ್ಕ ಇಟ್ಕಳಿ” ಎಂದ. ಸ್ಟಾರ್ಟರ್ ಡಬ್ಬಿಗೆ ಅವರ್ ಮೀಟರ್ ಕೂರಿಸಿದರು. ಮೋಟರ್ ಓಡುವಾಗ ಮಾತ್ರ ಅಂಕಿ ತಿರುಗುತ್ತದೆ, ಕರೆಂಟು ಹೋದರೆ ನಿಲ್ಲುತ್ತದೆ. ಒಬ್ಬರಿಗೆ ಹತ್ತು ಗಂಟೆ ಓಟ ಮುಗಿದ ಮೇಲೆ ಇನ್ನೊಬ್ಬರಿಗೆ, ಅದು ಒಂದೇ ರಾತ್ರಿ ಆಗಲಿ, ನಾಲ್ಕು ರಾತ್ರಿ ಆಗಲಿ. ಕಳೆದುಹೋದ ನಲವತ್ತು ನಿಮಿಷ ಯಾರದು ಎಂಬ ಪ್ರಶ್ನೆಯೇ ಇಲ್ಲದಾಯಿತು. ಭಾಗವಾದಂದಿನಿಂದ ಪಾರೀಕತ್ತು ಹೇಳದೆ ಬಿಟ್ಟಿದ್ದನ್ನು ಅಂಗೈಯಗಲದ ಮೀಟರು ಹೇಳಿತು.

326 ರಾಜಿಯಾಗುವ ಕಲಮಲ್ಲ. ಎರಡೂ ಕಡೆಯವರು ಹೈಕೋರ್ಟಿಗೆ ಹೋಗಿ, ಹೊಂದಾಣಿಕೆಯ ಆಧಾರದ ಮೇಲೆ ಪ್ರಕರಣ ರದ್ದು ಮಾಡಿಸಿಕೊಂಡರು. ಬೆರಳಿನ ನರ ಹೋದ ಹುಡುಗನ 2023ರ ಕೇಸು ಇನ್ನೂ ನಡೆಯುತ್ತಿದೆ. ಅವನು ರಾಜಿಗೆ ಒಪ್ಪಿಲ್ಲ, ಒಪ್ಪಬೇಕೆಂದು ನಾನೂ ಹೇಳುವುದಿಲ್ಲ.

ಇಲ್ಲೊಂದು ಮಾತನ್ನು ಮುಚ್ಚಿಡಬಾರದು. 2024ರ ಜುಲೈನಲ್ಲಿ ಕನ್ನಂಬಾಡಿ (ಕೆಆರ್‌ಎಸ್) ಕಟ್ಟೆ ತುಂಬಿತು. ನಾಲೆಗೆ ನೀರು ಬಂತು, ಕೊನೇ ಭಾಗಕ್ಕೂ ಬಂತು. ಜಗಳ ತಣ್ಣಗಾದದ್ದು ಮೀಟರಿನಿಂದಲೋ ಮಳೆಯಿಂದಲೋ ಬಿಡಿಸಿ ಹೇಳಲಾರೆ. ಮತ್ತೆ ಮಳೆ ತಪ್ಪಿದ ವರ್ಷ ಮೀಟರಿನ ನಿಜವಾದ ಪರೀಕ್ಷೆ.

2025ರ ಹಬ್ಬಕ್ಕೆ ಆದೇಶವನ್ನೂ ಕೇಳಲಿಲ್ಲ, ಶಾಲೆಯ ಕೊಠಡಿಯನ್ನೂ ಕೇಳಲಿಲ್ಲ. ಬಳ್ಳಾರಿಯ ಮೇಸ್ತ್ರಿಯ ಗೋಣಿಚೀಲದ ಕತೆಯನ್ನು ಹೆಂಗಸರ ಸಂಘದ ಸಭೆಯಲ್ಲಿ ಹೇಳಿದೆ, ಅಷ್ಟೆ. ಅವರು ತಮ್ಮದೇ ದಾರಿ ಹುಡುಕಿಕೊಂಡರು. ಸಂಜೆಯಾದರೆ ಆಯಾ ಮನೆಯ ಹೆಂಗಸರೇ ಮಚ್ಚು ಎತ್ತಿಡುವುದು. ಎಲ್ಲಿ ಎಂದು ತೋಟದಮನೆಯ ಅಜ್ಜಿಯನ್ನು ಕೇಳಿದೆ. “ಅಟ್ಟದ ಮೇಲೆ” ಎಂದರು. ಅಟ್ಟ ಹತ್ತಿದರೆ ಸಿಗುತ್ತಲ್ಲ ಅಜ್ಜಿ ಎಂದೆ. “ಅಟ್ಟ ನಮ್ದು ಕನಪ್ಪ, ಏಣಿ ದೊಡ್ಡಮನೇಲದೆ.” ಕೇಳಿ ಬರಲೇಬೇಕು, ಕೇಳಿದರೆ ‘ಈ ಹೊತ್ನಲ್ಲಿ ಏಣಿ ಯಾಕ್ಲಾ’ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಎಲ್ಲ ಸರಿಹೋಯಿತು ಎಂದಲ್ಲ. ಆ ಹಬ್ಬದಲ್ಲೇ ಒಬ್ಬ ಕಾಲೇಜು ಹುಡುಗನ ಬೈಕಿನ ಸೀಟಿನಡಿ ಬಟನ್ ಚಾಕು ಸಿಕ್ಕಿತು. ಈ ಎರಡೂ ಮನೆಗೆ ಸೇರಿದವನಲ್ಲ. ಕೊರಿಯರಿನಲ್ಲಿ ಬಂದದ್ದಂತೆ. ಕಬ್ಬನ್ನೂ ಕಡಿಯದ, ಕಾಯನ್ನೂ ಸುಲಿಯದ ವಸ್ತು ಅದು. ಅದರ ಮೇಲೆ ನಿಷೇಧ ಹಾಕಿದರೆ ಊರಿನಲ್ಲಿ ಯಾರಿಗೂ ನಷ್ಟವಿಲ್ಲ. ಮಚ್ಚಿಗೆ ಒಂದು ನೀತಿ, ಇದಕ್ಕೆ ಇನ್ನೊಂದು ನೀತಿ ಬೇಕು ಎಂದು ಸಭೆಯಲ್ಲಿ ಹೇಳಿದೆ. ಅಜ್ಜಿಯ ಏಣಿ ಇಂಥ ಚಾಕುವಿಗೆ ನಿಲುಕುವುದಿಲ್ಲ.

ಇನ್ನು ಆ ಕೋವಿ. ಚುನಾವಣೆ ಮುಗಿದ ಮೇಲೆ ವಾಪಸ್ ಬಂತು, ಮತ್ತೆ ಅದೇ ಗೂಟದ ಮೇಲೆ ಕೂತಿತು. ಲೈಸೆನ್ಸ್ ನವೀಕರಣದ ಕಾಲ ಬಂದಿದೆ. 2019ರ ತಿದ್ದುಪಡಿಯ ಮೇಲೆ ಒಮ್ಮೆ ಮಾಡಿಸಿದರೆ ಐದು ವರ್ಷ. ಯಜಮಾನರು ಅರ್ಜಿ ತುಂಬಿಕೊಡಿ ಎಂದು ಕಾಗದ ತಂದುಕೊಟ್ಟರು. ಹಂದಿ ಕಾಟ ನಿಜ, ಈ ಸಲವೂ ಅರ್ಧ ಎಕರೆ ಕಬ್ಬು ನೆಲಕಚ್ಚಿಸಿವೆ. ಎರಡು ದಿನ ಬಿಟ್ಟು ಎರಡನೇ ಮಗ ಒಬ್ಬನೇ ಬಂದ. “ನಮ್ಮಪ್ಪಂಗೆ ಹೇಳ್ಬೇಡಿ ಸಾ, ಒಸಿ ತಡ ಮಾಡಿ” ಎಂದು ಹೇಳಿ ಹೋದ. ಅರ್ಜಿ ನನ್ನ ಮೇಜಿನ ಮೇಲೆ ಹಾಗೇ ಇದೆ.